ಮೂವರ ಅಂಗಡಿಗೆ ಬಂದ ನಾಲ್ಕನೆಯವಳು

ಮೇ ತಿಂಗಳ ಕೊನೆಯ ಎರಡು ವಾರ ವಯನಾಡಿನ ಯಾವ ಟೈಲರ್ ಅಂಗಡಿಗೆ ಹೋದರೂ ತಲೆ ಎತ್ತಿ ಮಾತಾಡುವವರು ಸಿಗುವುದಿಲ್ಲ. ಕೇರಳದ ಶಾಲೆಗಳು ಜೂನ್ ಮೊದಲ ದಿನಗಳಲ್ಲೇ ಶುರುವಾಗುತ್ತವೆ. ಸುಲ್ತಾನ್ ಬತ್ತೇರಿಯಿರಲಿ, ಮಾನಂದವಾಡಿಯಿರಲಿ, ಪುಲ್ಪಳ್ಳಿಯಿರಲಿ, ಅಂಗಡಿಯ ಮೂಲೆಯಲ್ಲಿ ಯೂನಿಫಾರಂ ಬಟ್ಟೆಯ ಗಂಟುಗಳು ಸೂರಿನವರೆಗೆ ಏರಿರುತ್ತವೆ. ಒಂದೊಂದು ಗಂಟಿಗೂ ಅಳತೆಯ ಚೀಟಿ ಪಿನ್ನು ಹೊಡೆದಿರುತ್ತದೆ. ಅದರ ಮೇಲೆ ಬೇಸಿಗೆ ರಜೆಯ ಮದುವೆ ಬ್ಲೌಸುಗಳು, ನಾಮಕರಣದ ಪುಟ್ಟ ಫ್ರಾಕುಗಳು. ಮಳೆ ಹಿಡಿದರೆ ಕರೆಂಟು ಹೋಗುತ್ತದೆ ಎಂಬ ಭಯ ಬೇರೆ. ಸರಿಯಾಗಿ ಇದೇ ಹೊತ್ತಿಗೆ ಕಾಲೇಜಿನ ಸೀಲು ಬಿದ್ದ ಪತ್ರ ಹಿಡಿದುಕೊಂಡು ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು ಅಂಗಡಿಯ ಅಕ್ಕನನ್ನು ಕರೆಯುತ್ತಾಳೆ: ‘ಚೇಚಿ, ಇಂಟರ್ನ್‌ಶಿಪ್...’

ಇಂಥ ಪತ್ರಗಳು ಇನ್ನು ಮುಂದೆ ಹೆಚ್ಚುತ್ತಲೇ ಹೋಗುತ್ತವೆ. ಕೇರಳದ ವಿಶ್ವವಿದ್ಯಾಲಯಗಳು 2024ರ ಜುಲೈನಲ್ಲಿ ನಾಲ್ಕು ವರ್ಷದ ಪದವಿಗೆ ಹೊರಳಿಕೊಂಡವು. ಪದವಿ ವಿದ್ಯಾರ್ಥಿಗಳು ನಾಲ್ಕನೆಯ ಸೆಮಿಸ್ಟರ್ ಮುಗಿದ ಮೇಲೆ 60ರಿಂದ 120 ಗಂಟೆ ಎಲ್ಲಾದರೂ ಕೆಲಸ ಕಲಿಯಬೇಕು ಎನ್ನುತ್ತದೆ ಯು.ಜಿ.ಸಿ. ಮಾರ್ಗಸೂಚಿ. ಮಾನಂದವಾಡಿ ತಾಲ್ಲೂಕು ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಜಿಲ್ಲೆಯ ಉಳಿದ ಭಾಗ ಕಲ್ಲಿಕೋಟೆ ವಿಶ್ವವಿದ್ಯಾಲಯಕ್ಕೆ. ಎರಡರಲ್ಲೂ ವಸ್ತ್ರವಿನ್ಯಾಸದ ಬಿ.ಎಸ್ಸಿ. ಇದೆ. ಪದವಿಗಿಂತ ಕೆಳಗಿನ ಹಂತದಲ್ಲಿ ಇದು ಹೊಸತೇನಲ್ಲ. ಕೇರಳದಲ್ಲಿ ವೃತ್ತಿಪರ ಹೈಯರ್ ಸೆಕೆಂಡರಿ ಶಿಕ್ಷಣ ಆರಂಭವಾದದ್ದು 1983-84ರಲ್ಲಿ, 19 ಶಾಲೆಗಳಲ್ಲಿ. ಹೊಲಿಗೆ, ಕಸೂತಿ ಓದುವ ಮಕ್ಕಳು ಕೆಲಸದ ಜಾಗಕ್ಕೇ ಹೋಗಿ ತರಬೇತಿ ಪಡೆದು ರೆಕಾರ್ಡ್ ಪುಸ್ತಕ ಬರೆಯುವ ಪದ್ಧತಿ ಅಲ್ಲಿ ಹಳೆಯದು. ಆ ಪುಸ್ತಕಗಳಲ್ಲಿ ಅಕ್ಷರ ಬಲು ದುಂಡಗೆ, ಅಂಚಿಗೆ ಬಣ್ಣದ ಗೆರೆ. ಒಳಗೆ ಅಂಟಿಸಿದ ಕಾಜಾ ಮಾತ್ರ ಬಾಯಿ ಬಿಟ್ಟುಕೊಂಡಿರುತ್ತದೆ. ತಪ್ಪು ಹುಡುಗಿಯದಲ್ಲ. ಪುಸ್ತಕಕ್ಕೆ ಅಂಕ ಇದೆ, ಕಾಜಾಕ್ಕೆ ಇಲ್ಲ.

ವಯನಾಡು ಜಿಲ್ಲೆಯಾದದ್ದು 1980ರ ನವೆಂಬರ್ 1ರಂದು. ಮೂರೇ ತಾಲ್ಲೂಕು. 2011ರ ಜನಗಣತಿಯಲ್ಲಿ 8,17,420 ಜನ, ಅವರಲ್ಲಿ ನೂರಕ್ಕೆ ಹದಿನೆಂಟು ಮಂದಿಗೂ ಹೆಚ್ಚು ಆದಿವಾಸಿಗಳು. ಕಾಫಿ, ಕರಿಮೆಣಸು, ಚಹಾ, ಪ್ರವಾಸಿಗಳು: ಇವಿಷ್ಟನ್ನು ಬಿಟ್ಟರೆ ಓದಿದ ಹುಡುಗಿಯರಿಗೆ ಊರಲ್ಲೇ ಕೆಲಸ ಕೊಡುವ ದೊಡ್ಡ ಉದ್ಯಮ ಇಲ್ಲ. ಹಾಗಾಗಿ ಮೈಸೂರು, ಮಂಗಳೂರು, ಬೆಂಗಳೂರಿಗೆ ನರ್ಸಿಂಗ್ ಓದಲು ಹೋಗುವವರ ಸಾಲು ಒಂದು ಕಡೆ, ಗಾರ್ಮೆಂಟ್ ಕಾರ್ಖಾನೆಯ ಬಸ್ಸು ಹತ್ತುವವರ ಸಾಲು ಇನ್ನೊಂದು ಕಡೆ. ಗುಂಡ್ಲುಪೇಟೆ, ಎಚ್.ಡಿ. ಕೋಟೆಯ ಹುಡುಗಿಯರ ಪಾಡೂ ಇದಕ್ಕಿಂತ ಬೇರೆಯಲ್ಲ. ಬಂಡೀಪುರದ ಕಾಡು ನಡುವೆ ಇದ್ದರೂ ಎರಡೂ ಕಡೆಯ ಬದುಕು ಒಂದೇ ಹೆದ್ದಾರಿಯ ಮೇಲೆ ಓಡಾಡುತ್ತದೆ. ಬತ್ತೇರಿಯ ಜೈನ ಬಸದಿಯ ಸುತ್ತ, ಕಬಿನಿ ದಂಡೆಯ ಊರುಗಳಲ್ಲಿ, ಚೆಟ್ಟಿಗಳು ಮತ್ತು ಗೌಡರ ಮನೆಗಳಲ್ಲಿ ಕನ್ನಡದ ಸೊಗಡು ಇನ್ನೂ ಇದೆ. ಇಲ್ಲಿಯ ಆದಿವಾಸಿ ಕಾಟ್ಟುನಾಯಕರ ಮನೆಮಾತನ್ನು ನಮ್ಮ ಜೇನುಕುರುಬರು ಕೇಳಿದರೆ ನೆಂಟರ ಮಾತಿನಂತೆ ಅರ್ಥವಾಗುತ್ತದೆ.

ಕಾರ್ಖಾನೆಗೂ ಅಂಗಡಿಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ಗಾರ್ಮೆಂಟ್ ಲೈನಿನಲ್ಲಿ ಕೂತವಳು ವರ್ಷವಿಡೀ ಕಾಲರ್ ಕೂರಿಸಬಹುದು. ಎರಡು ಸಾವಿರ ಕಾಲರ್ ಕೂರಿಸಿದರೂ ಅವಳಿಗೆ ಒಂದು ಅಂಗಿ ಹೊಲಿಯಲು ಬರುವುದಿಲ್ಲ. ಸಣ್ಣ ಅಂಗಡಿಯಲ್ಲಿ ಹಾಗಿಲ್ಲ. ಬಟ್ಟೆ ಬಂದ ಗಳಿಗೆಯಿಂದ ಗಿರಾಕಿ ಅದನ್ನು ತೊಟ್ಟು ಕನ್ನಡಿಯ ಮುಂದೆ ತಿರುಗುವವರೆಗೆ ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಅಳತೆ ತೆಗೆಯುವುದು, ‘ಈ ಬಟ್ಟೆಗೆ ಲೈನಿಂಗ್ ಬೇಕೇ ಬೇಕು’ ಎಂದು ಒಪ್ಪಿಸುವುದು, ಚೌಕಾಸಿ ಮಾಡುವವರನ್ನು ನೋಯಿಸದೆ ದರ ಹೇಳುವುದು, ‘ಶುಕ್ರವಾರಕ್ಕೆ ಆಗಲ್ಲ’ ಎನ್ನುವುದು, ತೋಳು ಬಿಗಿಯಾಯಿತು ಎಂದು ತಿರುಗಿ ಬಂದದ್ದನ್ನು ಬಿಚ್ಚಿ ಸರಿಮಾಡುವುದು. ಸ್ವಂತ ಅಂಗಡಿ ಇಡುವವಳು ಕಲಿಯಬೇಕಾದದ್ದು ಇದನ್ನೇ. ರಾಷ್ಟ್ರೀಯ ಕೌಶಲ ಚೌಕಟ್ಟಿನಲ್ಲಿ ‘ಸ್ವಯಂ ಉದ್ಯೋಗಿ ಟೈಲರ್’ ಎಂಬ ಹುದ್ದೆಗೇ ಒಂದು ಪಠ್ಯವಿದೆ. ಆದರೆ ಗಿರಾಕಿಯೇ ಇಲ್ಲದ ತರಗತಿಯಲ್ಲಿ ಸ್ವಯಂ ಉದ್ಯೋಗ ಕಲಿಸುವುದು ಹೇಗೆ? ಆದ್ದರಿಂದ ಇಂಟರ್ನ್‌ಶಿಪ್ಪಿಗೆ ಸಣ್ಣ ಅಂಗಡಿಯೇ ಸರಿಯಾದ ಜಾಗ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ನನ್ನ ತಕರಾರು ಇರುವುದು ಅದರ ಖರ್ಚು ಯಾರ ತಲೆಯ ಮೇಲೆ ಬೀಳುತ್ತಿದೆ ಎನ್ನುವುದರಲ್ಲಿ.

ಹೊಲಿಗೆಯ ಕಸುಬಿಗೆ ಬೇರೆ ಕಸುಬುಗಳಿಗಿಲ್ಲದ ಒಂದು ಇಕ್ಕಟ್ಟಿದೆ. ಕುಂಬಾರನ ಮಣ್ಣು ಕುಂಬಾರನದು. ಹುಡುಗ ಕೆಡಿಸಿದರೆ ಮತ್ತೆ ಕಲಸಿ ತಿಗರಿಗೆ ಹಾಕಬಹುದು. ಬಡಗಿಯ ಹಲಗೆ ತುಂಡಾದರೆ ಗಿಡ್ಡ ಕಾಲಿನ ಮಣೆಯಾದರೂ ಆಗುತ್ತದೆ. ಟೈಲರ್ ಅಂಗಡಿಯಲ್ಲಿ ಮೇಜಿನ ಮೇಲೆ ಬಿದ್ದಿರುವ ಬಟ್ಟೆ ಅಂಗಡಿಯವಳದಲ್ಲ, ಗಿರಾಕಿಯದು. ಅದು ತವರಿನಿಂದ ಬಂದ ಸೀರೆಯ ಬ್ಲೌಸ್ ಪೀಸ್ ಆಗಿರಬಹುದು, ಇನ್ನೊಂದು ಅಂಥದ್ದು ಎಲ್ಲಿ ಹುಡುಕಿದರೂ ಸಿಗದಿರಬಹುದು. ಅದರ ಮೇಲೆ ಕಲಿಯುವವಳ ಕತ್ತರಿ ಆಡಿಸಲು ಯಾವ ಚೇಚಿಗೂ ಧೈರ್ಯ ಬರುವುದಿಲ್ಲ. ಬರಲೂಬಾರದು.

ನಮ್ಮ ಹಳೆಯ ದರ್ಜಿಗಳು ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ತಪ್ಪುಗಳನ್ನು ಬಿಚ್ಚಬಹುದಾದವು, ಬಿಚ್ಚಲಾಗದವು ಎಂದು ಅವರು ಮನಸ್ಸಿನಲ್ಲೇ ವಿಂಗಡಿಸಿಕೊಂಡಿದ್ದರು. ಶಿಷ್ಯ ಬಂದ ಹೊಸತರಲ್ಲಿ ಅಂಗಡಿ ಗುಡಿಸಿ, ಇಸ್ತ್ರಿಗೆ ಇದ್ದಿಲು ಹಾಕಬೇಕು. ಆಮೇಲೆ ಗುಂಡಿ, ಹುಕ್ಕು. ಅದು ಕೈಗೆ ಹತ್ತಿದ ಮೇಲೆ ಅಂಚು ಮಡಿಚಿ ಹೆಮ್ಮಿಂಗ್, ನಂತರ ಕಾಜಾ. ಯಂತ್ರದ ಮೇಲೆ ಕೂರಿಸುವಾಗಲೂ ಮೊದಲು ಲೈನಿಂಗು, ದಿಂಬಿನ ಗೌಸು, ಲಂಗದ ನೇರ ಹೊಲಿಗೆ. ಇವೆಲ್ಲ ಬಿಚ್ಚಿ ಮತ್ತೆ ಹೊಲಿಯಬಹುದಾದ ಕೆಲಸಗಳು. ರೇಷ್ಮೆ, ಜಾರ್ಜೆಟ್ ಬಿಚ್ಚಿದರೆ ಸೂಜಿಯ ತೂತು ಉಳಿಯುತ್ತದೆ. ಅದಕ್ಕೇ ಅವು ಶಿಷ್ಯನ ಕೈಗೆ ಬರುತ್ತಿದ್ದುದು ತಡವಾಗಿ. ಕತ್ತರಿ ಎಲ್ಲಕ್ಕಿಂತ ಕೊನೆಗೆ. ಕತ್ತರಿಸಿದ್ದನ್ನು ಯಾವ ಸೂಜಿಯೂ ಮೊದಲಿನಂತೆ ಮಾಡಲಾರದು. ಕಟಿಂಗ್ ಕಲಿಯಲು ವರ್ಷಗಟ್ಟಲೆ ಕಾಯಿಸುತ್ತಿದ್ದ ಮಾಸ್ಟರನ್ನು ನಾವು ಜಿಪುಣ ಎಂದು ಬೈದುಕೊಂಡಿದ್ದುಂಟು. ಅವನ ಕಾಯಿಸುವಿಕೆಯಲ್ಲಿ ಅರ್ಧ ಪಾಲು ಗಿರಾಕಿಯ ಬಟ್ಟೆಯ ಮೇಲಿನ ಭಯ.

ಉಳಿದರ್ಧ ಹೊಟ್ಟೆಪಾಡಿನ ಭಯ, ಅದನ್ನೂ ಮುಚ್ಚಿಡಬೇಕಾಗಿಲ್ಲ. ಸಣ್ಣ ಪೇಟೆಯಲ್ಲಿ ಕಟಿಂಗೇ ಅಂಗಡಿಯ ಬಂಡವಾಳ. ಒಂದೇ ಬೀದಿಯಲ್ಲಿ ಆರು ಅಂಗಡಿಗಳಿದ್ದರೂ ‘ಅವಳ ಕೈಯಲ್ಲಿ ಪ್ರಿನ್ಸೆಸ್ ಕಟ್ ಸರಿಯಾಗಿ ಕೂರುತ್ತೆ’ ಎಂದು ಹುಡುಕಿಕೊಂಡು ಬರುವ ಗಿರಾಕಿಗಳಿಂದ ಆಕೆಯ ಒಲೆ ಉರಿಯುತ್ತದೆ. ಆ ಗುಟ್ಟನ್ನು ಎರಡು ತಿಂಗಳು ಬಂದುಹೋಗುವ ಹುಡುಗಿಗೆ ಕಲಿಸಿಕೊಟ್ಟರೆ, ನಾಳೆ ಅವಳು ಎದುರಿನ ಕಟ್ಟಡದಲ್ಲೇ ಬೋರ್ಡು ಹಾಕಬಹುದು. ಇಂಟರ್ನ್‌ಶಿಪ್ ಯೋಜನೆ ಬರೆಯುವವರು ಈ ಭಯವನ್ನು ಲೆಕ್ಕಕ್ಕೆ ಹಿಡಿದದ್ದನ್ನು ನಾನು ಎಲ್ಲೂ ಕಂಡಿಲ್ಲ. ‘ಉದ್ಯಮದ ಸಹಭಾಗಿತ್ವ’ ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತಾರೆ.

ಇನ್ನು ಕಾನೂನು. ನಮ್ಮಲ್ಲಿ ಕೆಲಸ ಕಲಿಯುವವರಿಗೊಂದು ಕಾಯ್ದೆ 1961ರಿಂದಲೂ ಇದೆ. ಅದರ ಅಡಿಯ ನಿಯಮಗಳನ್ನು 2019ರಲ್ಲಿ ತಿದ್ದಿದ ಮೇಲೆ, 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ನಾಲ್ಕರಿಂದ ಮೇಲಿದ್ದರೆ ಅದು ಸಂಸ್ಥೆಯ ಇಷ್ಟ. ಅದೇ ವರ್ಷದ ತಿದ್ದುಪಡಿ ತಿಂಗಳ ಭತ್ಯೆಯನ್ನು ಓದಿಗೆ ತಕ್ಕಂತೆ 5,000ದಿಂದ 9,000 ರೂಪಾಯಿ ಎಂದು ಗೊತ್ತುಮಾಡಿತು. ಅದರಲ್ಲಿ ಕಾಲು ಭಾಗವನ್ನು, ಗರಿಷ್ಠ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರ ಭರಿಸುವ ಯೋಜನೆ 2016ರಿಂದ ನಡೆಯುತ್ತಿದೆ. ಕಾಗದದ ಮೇಲೆ ಒಳ್ಳೆಯದೇ. ಆದರೆ ವಯನಾಡಿನ ಪೇಟೆಬೀದಿಯ ಟೈಲರ್ ಅಂಗಡಿಯಲ್ಲಿ ಇರುವುದು ಚೇಚಿ, ಅವಳ ನಾದಿನಿಯೋ ತಂಗಿಯೋ, ಸಂಜೆ ಬಂದು ಹುಕ್ಕು ಹಚ್ಚುವ ಪಕ್ಕದ ಮನೆಯಾಕೆ. ಮೂರು ಜನ. ನಾಲ್ಕನೆಯವಳಾಗಿ ಬಂದವಳು ವಿದ್ಯಾರ್ಥಿನಿ. ಕಾಯ್ದೆಯ ಬಾಗಿಲು ತೆರೆಯುವುದೇ ನಾಲ್ಕರಿಂದ. ಕಲಿಯಲು ಬಂದವಳನ್ನು ದುಡಿಯುವವರ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಆದ್ದರಿಂದ ಮೂವರ ಅಂಗಡಿ ಹೊರಗೇ ಉಳಿಯಿತು.

ಬೇರೆ ಬಾಗಿಲುಗಳನ್ನು ತಟ್ಟಿದರೂ ಕಥೆ ಇದೇ. 2024ರ ಅಕ್ಟೋಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ತಿಂಗಳಿಗೆ 5,000 ರೂಪಾಯಿ ಕೊಡುತ್ತದೆ, ಆದರೆ ಅದು ದೇಶದ ಅತಿ ದೊಡ್ಡ 500 ಕಂಪನಿಗಳಲ್ಲಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯದೂ ಒಂದು. ಅಲ್ಲಿ ತರಬೇತಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000, ಕಡಿಮೆ ಬಡ್ಡಿಯ ಸಾಲ ಎಲ್ಲವೂ ಉಂಟು. ಅದು ಈಗಾಗಲೇ ಕಸುಬು ಮಾಡುತ್ತಿರುವವರು ಕಲಿಯಲಿಕ್ಕೆ. ಅವರು ಇನ್ನೊಬ್ಬರಿಗೆ ಕಲಿಸಿದರೆ ಕೂಲಿ ಕೊಡಲಿಕ್ಕಲ್ಲ. ಸೂಕ್ಷ್ಮ ಉದ್ಯಮ ಅಂದರೆ ಸರ್ಕಾರದ ಕಣ್ಣಿಗೆ ಎಷ್ಟು ಸೂಕ್ಷ್ಮ ಗೊತ್ತೇ? 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಕೋಟಿ ರೂಪಾಯಿವರೆಗೆ ವಹಿವಾಟು ಮಾಡುವವರೂ ಸೂಕ್ಷ್ಮ. ಒಂದು ಮೆರಿಟ್ ಯಂತ್ರ, ಒಂದು ಓವರ್‌ಲಾಕ್, ಒಂದು ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡ ಚೇಚಿ ಆ ಸಾಲಿನಲ್ಲಿ ಎಲ್ಲಿ ನಿಲ್ಲಬೇಕು?

ಖರ್ಚನ್ನು ಒಮ್ಮೆ ಕೂಡಿ ನೋಡೋಣ. ಲೆಕ್ಕಕ್ಕೆ, ಆಕೆ ಗಂಟೆಗೆ 100 ರೂಪಾಯಿ ದುಡಿಯುತ್ತಾಳೆ ಎಂದಿಟ್ಟುಕೊಳ್ಳಿ. 120 ಗಂಟೆಯ ಇಂಟರ್ನ್‌ಶಿಪ್ಪಿನಲ್ಲಿ ಮೂರನೆಯ ಒಂದು ಪಾಲು ಅವಳು ಯಂತ್ರ ನಿಲ್ಲಿಸಿ ಪಕ್ಕದಲ್ಲಿ ಕೂತು ತೋರಿಸಿದರೂ 4,000 ರೂಪಾಯಿ ಹೋಯಿತು. ಮುರಿದ ಸೂಜಿ, ಸುತ್ತಿಕೊಂಡ ಬಾಬಿನ್, ಮತ್ತೆ ಬಿಚ್ಚಿ ಹೊಲಿದ ಹೊತ್ತು ಬೇರೆ. ಕಾಲೇಜಿನ ಅಧ್ಯಾಪಕರಿಗೆ ಮೇಲ್ವಿಚಾರಣೆ ಸಂಬಳದ ಕೆಲಸ. ವಿದ್ಯಾರ್ಥಿನಿಗೆ ಕ್ರೆಡಿಟ್ಟು ಸಿಗುತ್ತದೆ. ನಿಜವಾಗಿ ಕಲಿಸಿದವಳಿಗೆ ಸಿಗುವುದು ‘ಧನ್ಯವಾದ’ ಎಂದು ಛಾಪಿಸಿದ ಒಂದು ಹಾಳೆ. ಹೀಗಿದ್ದಾಗ ಆಕೆ ಹುಡುಗಿಯನ್ನು ಮೂಲೆಯಲ್ಲಿ ಕೂರಿಸಿ ದಿನವಿಡೀ ಫಾಲ್ ಹಚ್ಚಿಸಿದರೆ, ಅಥವಾ ಮೊದಲ ದಿನವೇ ಸೀಲು ಹೊಡೆದು ‘ಮನೆಯಲ್ಲೇ ಇರು ಮೋಳೇ, ಕಡೆಯ ದಿನ ಬಾ’ ಎಂದರೆ, ಅವಳನ್ನು ದೂರಲು ನನಗೆ ಬಾಯಿ ಬರುವುದಿಲ್ಲ.

ಇದರ ಇನ್ನೊಂದು ಮುಖವೂ ಇದೆ, ಅದು ಅಷ್ಟು ಮುಗ್ಧವಲ್ಲ. ಮದುವೆ ಬ್ಲೌಸುಗಳಿಗೆ ಆರಿ ವರ್ಕಿನ ಹುಚ್ಚು ಹಿಡಿದ ಮೇಲೆ ಮಲಬಾರಿನಲ್ಲೂ ಮೈಸೂರು ಕಡೆಯಲ್ಲೂ ಮನೆಮನೆಯ ಬುಟೀಕುಗಳು ಎದ್ದಿವೆ. ಚೌಕಟ್ಟಿಗೆ ಬಟ್ಟೆ ಬಿಗಿದು ಕೊಕ್ಕೆಸೂಜಿಯಲ್ಲಿ ಮಣಿ, ಜರಿ, ಹರಳು ಕೂರಿಸುವ ಈ ಕೆಲಸಕ್ಕೆ ಕಣ್ಣು ಚುರುಕಾಗಿರುವ ಎಳೆಯ ಕೈಗಳು ಬೇಕು. ಅಲ್ಲಿ ‘ಇಂಟರ್ನ್’ ಎಂಬ ಹೆಸರಿನಲ್ಲಿ ಹುಡುಗಿಯರನ್ನು ಸಂಬಳವಿಲ್ಲದೆ ಮಣಿ ಪೋಣಿಸಲು ಕೂರಿಸುವುದು ಸುಲಭ. ಒಂದು ಬ್ಲೌಸ್ ಸಾವಿರಾರು ರೂಪಾಯಿಗೆ ಹೋಗುತ್ತದೆ, ಕೂತವಳಿಗೆ ಚಹಾ. ಈ ವಿಷಯದಲ್ಲಿ ನಿಯಮ ಸರಳವಾಗಿರಬೇಕು: ವಿದ್ಯಾರ್ಥಿನಿ ಮಾಡಿದ್ದು ಮಾರಾಟಕ್ಕೆ ಹೋದರೆ ಅವಳಿಗೆ ಕೂಲಿ ಕೊಡಬೇಕು. ಅಭ್ಯಾಸದ ತುಂಡಿಗೆ ಬೇಡ, ಗಿರಾಕಿಯ ಸೆರಗಿಗೆ ಕಟ್ಟಿದ ಕುಚ್ಚಿಗೆ ಬೇಕು.

ಹಾಗಾದರೆ ಇದು ಎಲ್ಲೂ ಸರಿಯಾಗಿ ನಡೆದಿಲ್ಲವೇ? ನಡೆದಿದೆ. ಆದರೆ ಒಂಟಿ ಅಂಗಡಿಗಳಲ್ಲಿ ಅಲ್ಲ, ಹತ್ತಾರು ಕೈಗಳು ಕೂಡಿದ ಕಡೆ. ಬಳ್ಳಾರಿ ಜಿಲ್ಲೆಯ ಸಂಡೂರು ಕುಶಲ ಕಲಾ ಕೇಂದ್ರವನ್ನು ನೋಡಿ. ಲಂಬಾಣಿ ತಾಂಡಾಗಳಲ್ಲಿ ತಾಯಂದಿರು ತಮ್ಮ ಫೇಟಿಯಾ, ಕಾಂಚಳಿಗೆ ಹಾಕಿಕೊಳ್ಳುತ್ತಿದ್ದ ಹೊಲಿಗೆ ಅಲ್ಲಿ ಜೀವನೋಪಾಯವಾಯಿತು. ಕಿಲಣ, ವೇಲೆ, ಮಾಕಿ, ಸೂರ್ಯಕಾಂತಿ ಮಾಕಿ, ರೇಲೋ, ನಕ್ರಾ ಎಂದು ಹದಿನಾಲ್ಕು ಬಗೆಯ ಹೊಲಿಗೆಗಳನ್ನು ಅಲ್ಲಿನವರು ಎಣಿಸುತ್ತಾರೆ. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ಸೇರಿದಾಗ 1,755 ಲಂಬಾಣಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದ್ದೂ ಇದೇ ಕೇಂದ್ರದ ಮಹಿಳೆಯರು. ಇಂಥ ಕೇಂದ್ರದಲ್ಲಿ ಬಟ್ಟೆ ಕೇಂದ್ರದ್ದೇ, ಗಿರಾಕಿಯದಲ್ಲ. ಹುಡುಗಿ ಕೆಡಿಸಿದ ತುಂಡು ಒಂದು ಪರ್ಸಿನ ಒಳಮಗ್ಗುಲಿಗೆ ಹೋದೀತು. ಕಲಿಸುವ ಹಿರಿಯಳ ದಿನಗೂಲಿಯನ್ನು ಹತ್ತಾರು ಜನ ಹಂಚಿಕೊಂಡು ಹೊರುವ ಅನುಕೂಲವೂ ಅಲ್ಲಿದೆ.

ಧಾರವಾಡದ ಕಸೂತಿಯಿಂದ ಕಲಿಯಬೇಕಾದದ್ದು ಬೇರೆ: ಸಮಯದ ಅಂದಾಜು. ಗಾವಂತಿ, ಮುರ್ಗಿ, ನೇಯ್ಗೆ, ಮೆಂತ್ಯೆ ಎಂಬ ನಾಲ್ಕೇ ಹೊಲಿಗೆ. ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು, ಗಂಟು ಹಾಕುವಂತಿಲ್ಲ. ಗಾವಂತಿಯ ಸೊಗಸು ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ಥರ ಕಾಣುವುದರಲ್ಲಿದೆ. ಹೋದ ದಾರಿಯಲ್ಲೇ ಹಿಂದೆ ಬಂದು ಬಿಟ್ಟ ಜಾಗಗಳನ್ನು ತುಂಬಬೇಕು. ಒಂದು ಎಳೆ ತಪ್ಪಿದರೆ ಇಡೀ ಗೋಪುರ ವಾಲುತ್ತದೆ. 60 ಗಂಟೆಯಲ್ಲಿ ಇದನ್ನು ಕಲಿಯಬಹುದು ಎಂದು ಯಾರಾದರೂ ಹೇಳಿದರೆ ಅವರು ಸೂಜಿ ಹಿಡಿದವರಲ್ಲ. ಅಷ್ಟು ಹೊತ್ತಿನಲ್ಲಿ ಸಾಧ್ಯವಾಗುವುದು ತುಳಸಿ ವೃಂದಾವನವೊಂದನ್ನು ಬಿಚ್ಚಿ ಬಿಚ್ಚಿ ಹಾಕುವುದು, ತನಗೆ ಈ ತಾಳ್ಮೆ ಇದೆಯೇ ಎಂದು ತಿಳಿದುಕೊಳ್ಳುವುದು. ಅದೂ ಕಡಿಮೆಯದಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜಿನಲ್ಲಿ ವಸ್ತ್ರ ವಿಭಾಗವೇ ಇದೆ. ದೇಶದ ಕೃಷಿ ವಿಶ್ವವಿದ್ಯಾಲಯಗಳಲ್ಲಿ 2015ರಿಂದ ಬಂದ ‘ಸ್ಟೂಡೆಂಟ್ ರೆಡಿ’ ಕಾರ್ಯಕ್ರಮ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಹಳ್ಳಿಗೂ ಉದ್ಯಮಕ್ಕೂ ಕಳುಹಿಸುತ್ತದೆ. ವಾರಗಟ್ಟಲೆ ಅಲ್ಲೇ ಇರುವ ಆ ಪದ್ಧತಿಯ ಮುಂದೆ 60 ಗಂಟೆಯ ಪದವಿ ಇಂಟರ್ನ್‌ಶಿಪ್ ಬಂದುಹೋದ ನೆಂಟಸ್ತನದಂತೆ ಕಾಣುತ್ತದೆ.

ವಿನ್ಯಾಸ ಶಾಲೆಗಳ ಮಕ್ಕಳು ಬರುವ ಬಗೆ ಮತ್ತೊಂದು. ವಯನಾಡಿಗೆ ಹತ್ತಿರದಲ್ಲೇ, ಕಣ್ಣೂರಿನಲ್ಲಿ, 2008ರಿಂದ ನಿಫ್ಟ್ ಇದೆ. ಬೆಂಗಳೂರಿನಲ್ಲಿ ಅದಕ್ಕೂ ಮುಂಚಿನಿಂದ. ಇಂಥ ಶಾಲೆಗಳವರು ಕುಶಲಕರ್ಮಿಗಳ ಊರಿಗೆ ಹೋಗಿ, ಚಿತ್ರ ತೆಗೆದು, ದಾಖಲಿಸಿ, ಹೊಸ ಮಾದರಿ ಮಾಡಿಸಿ ತರುವುದು ಪಠ್ಯದ ಭಾಗ. ಇದರಿಂದ ಕೆಲವೆಡೆ ಒಳ್ಳೆಯದಾಗಿದೆ. ಆದರೆ ಹಾಗೆ ತಯಾರಾದ ದಾಖಲೆ ಪುಸ್ತಕ ಶಾಲೆಯ ಗ್ರಂಥಾಲಯದಲ್ಲಿ ಉಳಿಯುತ್ತದೆ; ಹೊಲಿಗೆ ತೋರಿಸಿಕೊಟ್ಟ ಅಜ್ಜಿಗೆ ಅದರ ಒಂದು ಪ್ರತಿ ತಲುಪಿದರೆ ಅದೇ ಸುದ್ದಿ. ವಯನಾಡಿನ ಆದಿವಾಸಿ ಹಾಡಿಗಳವರಿಗೆ ಸಂಶೋಧಕರು ಬರೆದುಕೊಂಡು ಹೋಗುವುದು ಹೊಸತಲ್ಲ, ಆದ್ದರಿಂದ ಅವರು ಕ್ಯಾಮೆರಾ ಕಂಡರೆ ಮೌನವಾಗುತ್ತಾರೆ. ಸೂಜಿಯ ಕೆಲಸದಲ್ಲಿ ಅದೇ ಮರುಕಳಿಸಬಾರದು.

ಸಾಗರದಾಚೆ ಹೇಗಿದೆ? ಲಂಡನ್ನಿನ ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್ 1872ರಲ್ಲಿ ಆರಂಭವಾದದ್ದು ಬಡತನಕ್ಕೆ ಬಿದ್ದ ಓದುಬಲ್ಲ ಹೆಣ್ಣುಮಕ್ಕಳಿಗೆ ಗೌರವದ ಕೆಲಸ ಕೊಡಲಿಕ್ಕೆಂದು. 1953ರಲ್ಲಿ ರಾಣಿ ಎಲಿಜಬೆತ್ ಪಟ್ಟಕ್ಕೇರಿದಾಗ ತೊಟ್ಟ ನಿಲುವಂಗಿಗೆ ಚಿನ್ನದೆಳೆಯ ಕಸೂತಿ ಹಾಕಿದ್ದು ಅಲ್ಲಿನ ಹನ್ನೆರಡು ಮಂದಿ, 3,500 ಗಂಟೆಗೂ ಮಿಗಿಲಾದ ಕೆಲಸ. ಅಲ್ಲಿ ಶಿಷ್ಯವೃತ್ತಿ ಮೂರು ವರ್ಷದ್ದಾಗಿತ್ತು. ಜರ್ಮನಿಯಲ್ಲಿ ಅಳತೆ ತೆಗೆದು ಹೊಲಿಯುವ ದರ್ಜಿಯಾಗಲು ಇವತ್ತಿಗೂ ಮೂರು ವರ್ಷ. ವಾರದಲ್ಲಿ ಕೆಲವು ದಿನ ಶಾಲೆ, ಉಳಿದ ದಿನ ಅಂಗಡಿ, ಮೊದಲ ತಿಂಗಳಿಂದಲೇ ಭತ್ಯೆ. ನಾವು ಅದನ್ನು ಹಾಗೆಯೇ ಎತ್ತಿ ತರಲಾರೆವು. ಆದರೆ ಸೂಜಿ ಕೈಗೆ ಹತ್ತಲು ಬೇಕಾಗುವ ಕಾಲ ಮಾತ್ರ ಬರ್ಲಿನ್ನಿನಲ್ಲೂ ಬತ್ತೇರಿಯಲ್ಲೂ ಒಂದೇ.

ವಯನಾಡಿಗೆ ಮರಳುತ್ತೇನೆ. ಇಲ್ಲಿ ಮೊದಲು ಬದಲಾಗಬೇಕಾದದ್ದು ಪಂಚಾಂಗ. ಮೇ ತಿಂಗಳು ಕಲಿಸುವ ತಿಂಗಳಲ್ಲ, ಅದು ದುಡಿಯುವ ತಿಂಗಳು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಮಲಯಾಳಿಗಳಿಗೆ ಕರ್ಕಾಟಕ ಮಾಸ, ನಮಗೆ ಆಷಾಢ ಇದ್ದಂತೆ. ಹಿಂದೂ ಮನೆಗಳಲ್ಲಿ ಮದುವೆ ಇಲ್ಲ, ಹೊಸಬಟ್ಟೆ ಇಲ್ಲ. ಯೂನಿಫಾರಂ ಮುಗಿದಿರುತ್ತದೆ, ಓಣಂ ಇನ್ನೂ ಬಂದಿರುವುದಿಲ್ಲ. ಅಂಗಡಿಯಲ್ಲಿ ಯಂತ್ರ ಸುಮ್ಮನೆ ಕೂತಿರುತ್ತದೆ, ಚೇಚಿಯ ಕೈಯೂ ಖಾಲಿ. ಕಲಿಸಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಕರ್ಕಾಟಕದಲ್ಲಿ ಕಲಿತ ಹುಡುಗಿ ಓಣಂ ರಶ್ಶಿನಲ್ಲಿ ಕೂಲಿಗೇ ನಿಲ್ಲಬಹುದು. ಸೆಮಿಸ್ಟರಿನ ನಡುವೆ ಆ ತಿಂಗಳು ಪ್ರತಿದಿನ ಮಧ್ಯಾಹ್ನ ಬಿಟ್ಟುಕೊಟ್ಟರೆ ಸಾಕು, 60 ಗಂಟೆ ತುಂಬುತ್ತದೆ. ಅಡ್ಡಿ ಒಂದೇ, ಮಳೆ. ಆ ತಿಂಗಳಲ್ಲಿ ವಯನಾಡಿನ ಮಳೆ ತಮಾಷೆಯಲ್ಲ. ಜರಿ ಕಪ್ಪಾಗುತ್ತದೆ, ಸೂಜಿ ತುಕ್ಕು ಹಿಡಿಯುತ್ತದೆ, ಶಾಲೆಗಳಿಗೆ ರಜೆ ಸಾರುತ್ತಾರೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಬೆಟ್ಟ ಕುಸಿದದ್ದೂ ಕರ್ಕಾಟಕದಲ್ಲೇ.

ಆ ಕುಸಿತದಲ್ಲಿ ಹಾಳಾದ ವೆಳ್ಳಾರ್‌ಮಲ ಶಾಲೆ ವೃತ್ತಿಪರ ಹೈಯರ್ ಸೆಕೆಂಡರಿ ಶಾಲೆಯೇ ಆಗಿತ್ತು. ಮಕ್ಕಳನ್ನು ಆಮೇಲೆ ಮೇಪ್ಪಾಡಿಗೆ ಕರೆತಂದು ಪಾಠ ನಡೆಸಿದರು. ಹೊಳೆಯ ಮೇಲೆ 190 ಅಡಿಯ ಬೈಲಿ ಸೇತುವೆಯನ್ನು ಹಗಲೂ ರಾತ್ರಿ ನಿಂತು ಕಟ್ಟಿದವರು ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು. ಬದುಕುಳಿದ ಮಹಿಳೆಯರು ಕೇರಳದ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀಯ ಆಸರೆಯಲ್ಲಿ ಕೊಡೆ, ಚೀಲ ಹೊಲಿಯುವ ಘಟಕ ಕಟ್ಟಿಕೊಂಡಾಗ ಅದಕ್ಕೆ ಇಟ್ಟ ಹೆಸರೂ ‘ಬೈಲಿ’. ಕೊಡೆಯ ಹೊಲಿಗೆ ಬ್ಲೌಸಿನ ಹೊಲಿಗೆಯಲ್ಲ. ಒಂದೊಂದು ಪಟ್ಟಿಯೂ ತಂತಿಯ ಮೇಲೆ ಸಮನಾಗಿ ಬಿಗಿಯಬೇಕು, ಹನಿ ನೀರು ಇಳಿಯಬಾರದು. ಬಟ್ಟೆ ಘಟಕದ್ದು, ತಪ್ಪಿನ ಖರ್ಚೂ ಘಟಕದ್ದು. ವಿದ್ಯಾರ್ಥಿಗಳನ್ನು ಕಳುಹಿಸುವುದಾದರೆ ಮೊದಲು ಇಂಥ ಕುಟುಂಬಶ್ರೀ ಘಟಕಗಳಿಗೆ ಕಳುಹಿಸಿ, ಕೈ ಕುದುರಿದ ಮೇಲೆ ಟೈಲರ್ ಅಂಗಡಿಗೆ ಕಳುಹಿಸುವುದು ವಿವೇಕ. ಒಂದು ಕಡೆ ಹೊಲಿಗೆ, ಇನ್ನೊಂದು ಕಡೆ ಗಿರಾಕಿ.

ಇದರಲ್ಲಿ ಹಾಡಿಯ ಮಕ್ಕಳನ್ನು ಮರೆತರೆ ವಯನಾಡಿನ ಮಾತು ಅರ್ಧವಾಗುತ್ತದೆ. ಪಣಿಯ, ಕಾಟ್ಟುನಾಯಕ ಮಕ್ಕಳು ನಡುವೆಯೇ ಶಾಲೆ ಬಿಡುವುದು ಇಲ್ಲಿಯ ಹಳೆಯ ಗಾಯ. ತರಗತಿಯ ಮಲಯಾಳಂ ಅವರ ಮನೆಮಾತಲ್ಲ. ಅದಕ್ಕೆಂದೇ ಕೇರಳ ಸರ್ಕಾರ 2017ರಲ್ಲಿ ವಯನಾಡಿನಲ್ಲಿ ‘ಗೋತ್ರಬಂಧು’ ಎಂದು ಆದಿವಾಸಿ ಸಮುದಾಯದವರನ್ನೇ ಶಾಲೆಗಳಿಗೆ ಮಾರ್ಗದರ್ಶಕ ಶಿಕ್ಷಕರಾಗಿ ನೇಮಿಸಿತು. ಇಂಟರ್ನ್‌ಶಿಪ್ಪಿಗೂ ಅಂಥ ಆಸರೆ ಬೇಕು. ಪೇಟೆಯ ಅಂಗಡಿಯಲ್ಲಿ ಹೊಸ ಹುಡುಗಿಗೆ ಅರ್ಥವಾಗದ್ದು ಹೊಲಿಗೆಯಲ್ಲ, ಅಲ್ಲಿನ ನಡಾವಳಿ. ಅಳತೆ ತೆಗೆಯುವಾಗ ಗಿರಾಕಿ ಮುಖ ತಿರುಗಿಸಿದರೆ ಅವಳು ಮರುದಿನ ಬರುವುದಿಲ್ಲ. ಮಾತು ಬಲ್ಲ ಅಕ್ಕನೊಬ್ಬಳು ಮೊದಲ ವಾರ ಜೊತೆಗಿದ್ದರೆ ಬರುತ್ತಾಳೆ.

ದುಡ್ಡಿನ ಮಾತಿಗೆ ಬಂದರೆ, ಹೊಸ ಇಲಾಖೆ ಕಟ್ಟಬೇಕಾಗಿಲ್ಲ. ಹೊಲಿಗೆ ಕೆಲಸಗಾರರ ಕಲ್ಯಾಣನಿಧಿಗೆ ಕೇರಳದಲ್ಲಿ 1994ರಲ್ಲೇ ಕಾಯ್ದೆಯಾಗಿದೆ, ಅದರ ಮಂಡಳಿಯಲ್ಲಿ ನೋಂದಾಯಿತ ಸದಸ್ಯರ ಪಟ್ಟಿ ಇದೆ. ಅನುಭವಿ ಸದಸ್ಯರನ್ನು ಆ ಪಟ್ಟಿಯಿಂದಲೇ ಗುರುತಿಸಿ, ವಿದ್ಯಾರ್ಥಿನಿಯೊಬ್ಬಳಿಗೆ ಕಲಿಸಿದ್ದಕ್ಕೆ ಗಂಟೆಯ ಲೆಕ್ಕದಲ್ಲಿ ಗೌರವಧನ ಕೊಡಲಿ. ವಿಶ್ವಕರ್ಮ ಯೋಜನೆ ಕಲಿಯುವ ದರ್ಜಿಗೆ ದಿನಕ್ಕೆ 500 ಕೊಡಬಹುದಾದರೆ, ಕಲಿಸುವ ದರ್ಜಿಗೆ ಅಷ್ಟಾದರೂ ಕೊಡಬೇಡವೇ? ಕರ್ನಾಟಕದಲ್ಲೂ ಅಸಂಘಟಿತ ಕಾರ್ಮಿಕರ ಪಟ್ಟಿಯಲ್ಲಿ ಟೈಲರ್‌ಗಳಿದ್ದಾರೆ. ಚಾಮರಾಜನಗರದಲ್ಲೂ ಇದನ್ನೇ ಮಾಡಬಹುದು. ಜೊತೆಗೆ ಅಪ್ರೆಂಟಿಸ್ ನಿಯಮದಲ್ಲಿ ‘ನಾಲ್ಕು’ ಎಂದಿರುವಲ್ಲಿ ಸೂಜಿ ಕೆಲಸದ ಮಟ್ಟಿಗಾದರೂ ‘ಒಂದು’ ಎಂದು ತಿದ್ದಲಿ. ಹೀಗೆ ಸಂಬಳ ಸಿಕ್ಕರೆ ಎದುರು ಬೋರ್ಡಿನ ಭಯ ಹೋಗಿಬಿಡುತ್ತದೆಯೇ? ಪೂರ್ತಿ ಹೋಗದು. ಆದರೆ ಕಲಿಸುವುದೂ ದುಡಿಮೆಯ ಒಂದು ಬಾಬ್ತಾದರೆ, ಆ ಚೇಚಿ ಕತ್ತರಿಯನ್ನು ಹುಡುಗಿಯ ಕೈಗೆ ಕೊಡಲು ಈಗಿನಷ್ಟು ಹಿಂಜರಿಯುವುದಿಲ್ಲ.

ಸರ್ಕಾರ ಇದನ್ನು ಮಾಡುವವರೆಗೆ ಓದುಗರಾದ ನೀವು ಮಾಡಬಹುದಾದದ್ದೊಂದಿದೆ. ನಿಮ್ಮ ಬೀದಿಯ ಟೈಲರಕ್ಕನ ಅಂಗಡಿಯಲ್ಲಿ ಕಲಿಯುವ ಹುಡುಗಿ ಇದ್ದರೆ, ಈ ಆಷಾಢದಲ್ಲಿ ಎರಡು ಮೀಟರ್ ಸಾದಾ ಹತ್ತಿ ಬಟ್ಟೆ ಕೊಡಿ, ಅವಸರವಿಲ್ಲ ಎನ್ನಿ, ಕಟಿಂಗ್ ಅವಳೇ ಮಾಡಲಿ ಎನ್ನಿ, ಹೊಲಿಗೆಯ ಪೂರ್ತಿ ಕೂಲಿ ಕೊಡಿ. ತೋಳು ಸ್ವಲ್ಪ ಬಿಗಿಯಾದರೆ ಬೈಯದೆ ಬಿಚ್ಚಲು ಹೇಳಿ.